ಧಾರವಾಡದಿಂದ ಹುಬ್ಬಳ್ಳಿಗೆ ಒಂದಿಡೀ ದಿನ

ನಮ್ಮ ಕಡೆ ಮನೆಗೆ ಬೀಗರು ಬಂದರೆ ಅವರಿಗೆ ಬಾದಾಮಿ ತೋರಿಸುತ್ತೇವೆ, ಹಂಪಿ ತೋರಿಸುತ್ತೇವೆ, ಮಳೆಗಾಲವಾದರೆ ಗಾಡಿ ಮಾಡಿಕೊಂಡು ಜೋಗಕ್ಕೋ ದಾಂಡೇಲಿಗೋ ಹೊರಡುತ್ತೇವೆ. ಊರು ತೋರಿಸುವ ಪದ್ಧತಿ ಮಾತ್ರ ಇಲ್ಲ. ಹುಬ್ಬಳ್ಳಿಯಲ್ಲಿ ಸಿದ್ಧಾರೂಢ ಮಠಕ್ಕೆ ಹೋಗಿ ಕೈ ಮುಗಿದು, ಧಾರವಾಡದಲ್ಲಿ ಪೇಢೆ ಕಟ್ಟಿಸಿಕೊಟ್ಟರೆ ಊರು ಮುಗಿಯಿತು. ಅವಳಿ ನಗರ ಎಂದು ಹೆಸರು ದೊಡ್ಡದು. ಆದರೆ ಎರಡು ಊರುಗಳ ನಡುವಿನ ದಾರಿಯನ್ನು ನಾವೆಲ್ಲ ಆಫೀಸಿಗೆ, ದವಾಖಾನೆಗೆ, ಮದುವೆಗೆ, ಸೀರೆ ಖರೀದಿಗೆ ಎಂದು ತುಳಿದೇವು, ನೋಡಲಿಕ್ಕೆಂದು ತುಳಿಯುವುದಿಲ್ಲ.

ಈ ಮಾತನ್ನು ಎತ್ತಿದವಳು ಫ್ರಾನ್ಸಿಗೆ ಹೋಗಿಬಂದ ಗೆಳತಿ. ಅವಳ ಮಗಳು ಅಲ್ಲಿಯ ತುಲೂಸ್‌ನಲ್ಲಿದ್ದಾಳೆ. ವಿಮಾನ ಕಟ್ಟುವ ಊರು ಅದು. ಹೋದವಳು ಪ್ಯಾರಿಸ್ಸಿನ ಐಫೆಲ್ ಗೋಪುರದ ಫೋಟೋ ತೋರಿಸಿಯಾಳು ಎಂದುಕೊಂಡಿದ್ದರೆ, ಅವಳು ಹೇಳಿದ್ದು ಬೇರೆಯದೇ ಕಥೆ. ಒಂದು ಶನಿವಾರ ಮಗಳ ಗೆಳತಿಯರು ಮುಂಜಾನೆಯೇ ಮನೆಗೆ ಬಂದು, ಇವಳನ್ನು ಕಾಲ್ನಡಿಗೆಯಲ್ಲಿ ತಮ್ಮ ಊರೊಳಗೇ ಇಡೀ ದಿನ ಅಡ್ಡಾಡಿಸಿದರಂತೆ. ಅಲ್ಲಿ ಕಟ್ಟಡದ ಕಲ್ಲು ಹತ್ತಿರದಲ್ಲಿ ಸಿಗದ್ದಕ್ಕೆ ಹಳೆಯ ಮನೆಗಳೆಲ್ಲ ಇಟ್ಟಿಗೆಯವು. ಸಂಜೆಯ ಬಿಸಿಲಿಗೆ ಊರಿಗೆ ಊರೇ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಒಬ್ಬಳು ಇಟ್ಟಿಗೆಯ ಸಂಗತಿ ಹೇಳಿದಳು, ಇನ್ನೊಬ್ಬಳು ತನ್ನ ಅಜ್ಜಿ ತರಕಾರಿ ಕೊಳ್ಳುತ್ತಿದ್ದ ಸಂತೆ ತೋರಿಸಿದಳು, ಮತ್ತೊಬ್ಬಳು ಸೇಂಟ್ ಸರ್ನಿನ್ ಎಂಬ ಹಳೆಯ ಇಗರ್ಜಿಯಲ್ಲಿ ಕೂಡ್ರಿಸಿ ಅಲ್ಲಿನ ಕಂಬಗಳ ಕಥೆ ಹೇಳಿದಳು. "ಏ, ನಾವೂ ಒಂದು ದಿನ ಹಿಂಗ ನಮ್ಮ ಊರು ನೋಡೂಣು. ದೂರ ಹೋಗೂದು ಬ್ಯಾಡ" ಎಂದಳು ಗೆಳತಿ. ನಾವು ಕಾಲೇಜಿನಿಂದ ಕೂಡಿ ಬಂದ ನಾಲ್ಕು ಜನ. ಒಬ್ಬಳು ರೇಲ್ವೆ ಕಚೇರಿಯಲ್ಲಿದ್ದು ನಿವೃತ್ತಳಾದವಳು, ಒಬ್ಬಳು ಸಂಗೀತ ಕಲಿಸುವವಳು, ಈ ಫ್ರಾನ್ಸಿನವಳು, ಮತ್ತೆ ನಾನು. ಧಾರವಾಡದಿಂದ ಹೊರಟು ರಾತ್ರಿಯೊಳಗೆ ಹುಬ್ಬಳ್ಳಿ ಮುಟ್ಟುವುದೆಂದು ನಿಶ್ಚಯವಾಯಿತು. ಅರ್ಧ ತಾಸಿನ ದಾರಿಗೆ ಒಂದಿಡೀ ದಿನ.

ಲೈನ್ ಬಜಾರಿನಿಂದಲೇ ಸುರುಮಾಡಿದೆವು. ಬಾಬುಸಿಂಗ್ ಠಾಕೂರರ ಅಂಗಡಿಯ ಮುಂದೆ ಪಾಳಿ ಹಚ್ಚಿ ನಿಲ್ಲುವುದು ಧಾರವಾಡದವರಿಗೆ ಹೊಸದಲ್ಲ. ಮಾಲು ತೀರಿತೆಂದರೆ ಬಾಗಿಲು ಹಾಕುತ್ತಾರೆ, ನಾಳೆ ಬಾ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಅಂಜಿ ಬಂದ ಕುಟುಂಬ ಅದು. ಬರುವಾಗ ಕೈಯಲ್ಲಿ ತಂದದ್ದು ಹಾಲನ್ನು ಖೋವಾ ಮಾಡಿ, ಸಕ್ಕರೆ ಹಾಕಿ, ಕಂದು ಬಣ್ಣ ಬರುವ ತನಕ ಹುರಿಯುವ ವಿದ್ಯೆ. ಇಲ್ಲಿಯ ಎಮ್ಮೆಯ ಹಾಲಿಗೆ ಆ ವಿದ್ಯೆ ಕೂಡಿಕೊಂಡಿತು. ಪೊಟ್ಟಣ ಬಿಚ್ಚಿ ಒಂದೊಂದು ಪೇಢೆ ಬಾಯಿಗೆ ಹಾಕಿಕೊಂಡೆವು. ಮೊದಲು ನಾಲಿಗೆಗೆ ಸಕ್ಕರೆಯ ಹರಳು ತಾಗುತ್ತದೆ, ಆಮೇಲೆ ಹುರಿದ ಹಾಲಿನ ಸಣ್ಣ ಒಗರು, ಆ ಮೇಲೆಯೇ ಸಿಹಿ.

ಫ್ರಾನ್ಸಿನವಳು ರೋಕ್‌ಫೋರ್ ಚೀಸಿನ ಮಾತು ತೆಗೆದಳು. ತುಲೂಸ್‌ನಿಂದ ಅಷ್ಟು ದೂರವೇನಲ್ಲ ಆ ಹಳ್ಳಿ. ಕುರಿಯ ಹಾಲಿನ ಚೀಸು ಅಲ್ಲಿಯ ಗವಿಗಳಲ್ಲಿಯೇ ಮಾಗಬೇಕು, ಇಲ್ಲದಿದ್ದರೆ ಆ ಹೆಸರು ಇಡುವ ಹಾಗಿಲ್ಲವೆಂದು 1925ರಷ್ಟು ಹಿಂದೆಯೇ ಅಲ್ಲಿ ಕಾನೂನಾಗಿದೆ. ನಮ್ಮ ಪೇಢೆಗೂ ಈಗ ಭೌಗೋಳಿಕ ಸೂಚಕದ ಮುದ್ರೆ ಸಿಕ್ಕಿದೆ. ಅದು ಆಗಬೇಕಾದದ್ದೇ. ಆದರೆ ಹೆಸರನ್ನು ಕಾಯ್ದ ಹಾಗೆ ಎಮ್ಮೆಯನ್ನೂ ಕಾಯಬೇಕಲ್ಲ ಎಂದು ನನಗೆ ಅನಿಸುತ್ತದೆ. ಧಾರವಾಡಿ ಎಮ್ಮೆ ಇಂದು ದೇಶದ ನೋಂದಾಯಿತ ತಳಿಗಳ ಸಾಲಿನಲ್ಲಿದೆ. ಬಾಗಿದ ಕೋಡು, ಕಪ್ಪು ಮೈ, ಬಿಸಿಲು ಬರ ಎರಡನ್ನೂ ತಡೆಯುವ ಜಾತಿ. ನಮ್ಮ ಎಳವೆಯಲ್ಲಿ ಗೌಳಿಗರ ಎಮ್ಮೆಗಳು ರಸ್ತೆಗೆ ಅಡ್ಡ ಬಂದರೆ ಸಿಟಿ ಬಸ್ಸು ನಿಂತು ದಾರಿ ಬಿಡುತ್ತಿತ್ತು. ಅವು ಮೇಯುತ್ತಿದ್ದ ಬಯಲುಗಳೆಲ್ಲ ಇಂದು ಲೇಔಟು. ಹಿಂಡಿ, ಹೊಟ್ಟು, ಮೇವು ಎಲ್ಲವನ್ನೂ ಕೊಂಡು ಹಾಕಿ ಎಮ್ಮೆ ಸಾಕುವವರ ಕಷ್ಟ ಪೇಢೆಯ ಪೊಟ್ಟಣದ ಮೇಲೆ ಬರೆದಿರುವುದಿಲ್ಲ.

ಅಲ್ಲಿಂದ ಕರ್ನಾಟಕ ಕಾಲೇಜು. ನಾಲ್ಕೂ ಜನ ಅಲ್ಲಿಯೇ ಕಲಿತವರಾದ್ದರಿಂದ ಅದರ ಕಲ್ಲಿನ ಕಮಾನು, ಉದ್ದದ ಪಡಸಾಲೆ, ಗಿಡಗಳ ನೆರಳು ಕಣ್ಣು ಮುಚ್ಚಿದರೂ ಕಾಣುತ್ತವೆ. ಆದರೆ ಆ ಕಟ್ಟಡ ಕಾಲೇಜಿಗೆಂದು ಕಟ್ಟಿದ್ದಲ್ಲವೆಂಬುದನ್ನು ಅಂದು ಮನಸ್ಸಿಗೆ ಹತ್ತುವಂತೆ ಹೇಳಿದವಳು ರೇಲ್ವೆ ಗೆಳತಿ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೇಲ್ವೆ ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಆ ಕಂಪನಿ ಮದ್ರಾಸ್ ರೇಲ್ವೆಯ ಜೊತೆ ಕೂಡಿಕೊಂಡಿತು, ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. 1917ರಲ್ಲಿ ಸುರುವಾದ ಕಾಲೇಜಿಗೆ ಮುಂದೆ ಆ ಕಟ್ಟಡ ದಕ್ಕಿತು. ರೇಲ್ವೆಯ ಲೆಕ್ಕದ ಪುಸ್ತಕಗಳು ಕೂತಿದ್ದ ಕೋಣೆಗಳಲ್ಲಿ ಷೇಕ್ಸ್‌ಪಿಯರ್, ಪಂಪ, ಕ್ಯಾಲ್ಕ್ಯುಲಸ್ ಬಂದು ಕೂತವು. ಗಣಿತ ಓದಲೆಂದು ಬಂದ ಗಿರೀಶ ಕಾರ್ನಾಡರು ಇದೇ ಪಡಸಾಲೆಯಲ್ಲಿ ಓಡಾಡಿದರು. ಗೆಳತಿ ಒಂದು ಕಂಬಕ್ಕೆ ಕೈ ಹಚ್ಚಿ ನಿಂತು, "ಇದು ನಮ್ಮ ಆಫೀಸು ನೋಡವಾ, ನಿಮಗ ಬಾಡಿಗಿಗೆ ಕೊಟ್ಟೇವಿ" ಎಂದಳು. ಅವಳ ಮುಖದಲ್ಲಿದ್ದದ್ದು ಮನೆತನದ ಅಭಿಮಾನ. ಅವಳ ಅಜ್ಜ, ಅಪ್ಪ ಇಬ್ಬರೂ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ದುಡಿದವರು. ಆ ವರ್ಕ್‌ಶಾಪು 1885ರದು. ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರ ಎದ್ದು ನಿಂತದ್ದು 1889ರಲ್ಲಿ. ಅಲ್ಲಿ ಕಬ್ಬಿಣ ಆಕಾಶಕ್ಕೆ ಏರುವ ಹೊತ್ತಿಗೆ ಇಲ್ಲಿ ಅದು ಎರೆಹೊಲಗಳ ಮೇಲೆ ಉದ್ದಕ್ಕೆ ಮಲಗಿ ಊರಿಂದೂರಿಗೆ ಹರಿಯುತ್ತಿತ್ತು.

ಆ ಕಬ್ಬಿಣದ ದಾರಿಯ ಬಗ್ಗೆ ನಮಗೆ ಇನ್ನಷ್ಟು ತಿಳಿದದ್ದು ಮಲ್ಲಿಕಾರ್ಜುನ ಮನ್ಸೂರರ ಮನೆಯಲ್ಲಿ. 'ಮೃತ್ಯುಂಜಯ' ಎಂಬ ಆ ಮನೆ ಈಗ ಸ್ಮಾರಕ. ಒಳಗೆ ಹೋದ ಕೂಡಲೆ ಸಂಗೀತದ ಗೆಳತಿ ಚಪ್ಪಲಿ ಬಿಟ್ಟ ಕಾಲಲ್ಲೇ ಒಂದು ಗಳಿಗೆ ಸುಮ್ಮನೆ ನಿಂತಳು, ಆಮೇಲೆ ಕೂತು ಮಾತಾಡಿದಳು. 1910ರಲ್ಲಿ ಧಾರವಾಡದ ಪಕ್ಕದ ಮನ್ಸೂರಿನಲ್ಲಿ ಹುಟ್ಟಿದ ಹುಡುಗ ನಾಟಕ ಕಂಪನಿ ಸೇರಿದ. ಅಲ್ಲಿ ಅವನ ಕಂಠ ಕೇಳಿದ ನೀಲಕಂಠಬುವಾ ಅವನನ್ನು ಮೀರಜಕ್ಕೆ ಕರೆದುಕೊಂಡು ಹೋದರು. ಮುಂದೆ ಮುಂಬಯಿಯಲ್ಲಿ ಮಂಜಿಖಾನ್, ಅವರ ನಂತರ ಬುರ್ಜಿಖಾನ್. ಧಾರವಾಡ, ಮೀರಜ, ಮುಂಬಯಿ. ಬೆರಳು ಮಡಚುತ್ತ ಅವಳು ಊರುಗಳ ಹೆಸರು ಹೇಳುತ್ತಿದ್ದರೆ ಪಕ್ಕದಲ್ಲಿದ್ದ ರೇಲ್ವೆಯವಳು ತಟ್ಟನೆ, "ಎಲ್ಲಾ ನಮ್ಮ ಲೈನಿನ ಮ್ಯಾಲಿನ ಸ್ಟೇಷನ್ನs ಹೇಳಾಕತ್ತೀಯಲ್ಲ" ಎಂದಳು.

ಮುಂದಿನ ಒಂದು ತಾಸು ಆ ಇಬ್ಬರದೇ ಆಯಿತು. ಒಬ್ಬಳು ಗಾಯಕರ ಹೆಸರು ಹೇಳುವುದು, ಇನ್ನೊಬ್ಬಳು ಅವರು ಹತ್ತಿದ ಗಾಡಿಯ ದಾರಿ ಹೇಳುವುದು. ಅಬ್ದುಲ್ ಕರೀಂ ಖಾನರು ಮೀರಜದಲ್ಲಿ ನೆಲೆಸಿದ್ದವರು. ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ನಮ್ಮ ಕಡೆ ಇಳಿಯುತ್ತಿದ್ದರು, ಕುಂದಗೋಳದ ನಾಡಿಗೇರ ವಾಡೆಯಲ್ಲಿ ತಂಗುತ್ತಿದ್ದರು. ಅವರ ಶಿಷ್ಯರಾದವರು ಕುಂದಗೋಳದ ರಾಮಚಂದ್ರರಾಯರು, ಅಂದರೆ ಸವಾಯಿ ಗಂಧರ್ವರು. ಅವರ ಬಳಿ ಕಲಿಯಲಿಕ್ಕೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ ಮತ್ತೆ ರೈಲಿಗೇ ಮರಳುತ್ತಿದ್ದರು. ಗದಗಿನ ಹುಡುಗ ಭೀಮಸೇನ ಜೋಶಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ್ದೂ ರೈಲಿನಲ್ಲಿ, ಟಿಕೆಟ್ಟಿಗೆ ದುಡ್ಡಿಲ್ಲದೆ ಹಾಡುತ್ತ ಉತ್ತರದ ಊರೂರು ಅಲೆದು, ಕಡೆಗೆ ಸಿಕ್ಕ ಗುರು ಇದೇ ಪಕ್ಕದ ಕುಂದಗೋಳದಲ್ಲಿ. ಹಿಂದುಸ್ತಾನಿ ಸಂಗೀತ ಧಾರವಾಡದ ಮಣ್ಣಿನಲ್ಲಿ ಯಾಕೆ ಇಷ್ಟು ಬೆಳೆಯಿತು ಎಂದು ಕೇಳಿದರೆ ಜನ ಇಲ್ಲಿಯ ಹವೆ, ನೀರು ಎನ್ನುತ್ತಾರೆ. ಮರಾಠಿ ನಾಟಕ ಕಂಪನಿಗಳ ಓಡಾಟ, ಮೈಸೂರು ಅರಮನೆಯ ಆಶ್ರಯ, ಮಠಗಳ ಪ್ರೋತ್ಸಾಹ ಎಲ್ಲವೂ ಇವೆ. ಅವುಗಳ ಜೊತೆ ಮೀಟರ್‌ಗೇಜಿನ ಹಳಿಯನ್ನೂ ಎಣಿಸಬೇಕೆಂದು ಅಂದಿನಿಂದ ನಾನು ಗಟ್ಟಿಯಾಗಿ ನಂಬಿದ್ದೇನೆ. ಕಲಿಯುವವಳು ಮುಂಜಾನೆ ಹೋಗಿ ಸಂಜೆಗೆ ಮನೆ ಸೇರುವಂತಿದ್ದರೆ ತಾನೆ ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳ ಪಾಠ ಮುಂದುವರಿಯುವುದು?

ಕರೀಂ ಖಾನರ ಕೊನೆಯನ್ನೂ ಸಂಗೀತದವಳೇ ಹೇಳಿದಳು. 1937ರ ಅಕ್ಟೋಬರಿನಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ, ಅರವಿಂದಾಶ್ರಮಕ್ಕೆಂದು ಹೊರಟಿದ್ದರು. ದಾರಿಯಲ್ಲಿ ಎದೆ ನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆಯೇ ಹಾಸಿಗೆ ಹಾಸಿಸಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಹಾಡಿ, ಅಲ್ಲಿಯೇ ದೇಹ ಬಿಟ್ಟರು. ಪಾಂಡಿಚೇರಿ ಆಗ ಫ್ರೆಂಚರ ಕೈಯಲ್ಲಿತ್ತು. "ಹಂಗಾದರ ಅವರೂ ಫ್ರಾನ್ಸಿನ ಊರಿಗೇ ಹೊಂಟಿದ್ದರು" ಎಂದಳು ನಮ್ಮ ಫ್ರಾನ್ಸಿನವಳು. ಮುಂದೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಸಾಧನಕೇರಿಗೆ ಹೋಗಬೇಕೆಂದು ಒಬ್ಬಳು ಹೇಳಿದಳು. ನಾನು ಬೇಡವೆಂದೆ. ಬೇಂದ್ರೆಯವರ ಓಣಿಗೆ ಅವಸರದಲ್ಲಿ ಹೋಗಬಾರದು, ಅದಕ್ಕೆ ಬೇರೆ ದಿನ ಬೇಕು. ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟವನ್ನು ಕೆಳಗಿನಿಂದಲೇ ನೋಡಿದೆವು. 1933ರಿಂದ ಕನ್ನಡದ ಎಷ್ಟೋ ಪುಸ್ತಕಗಳನ್ನು ಲೋಕಕ್ಕೆ ಕಳಿಸಿದ ಅಟ್ಟ ಅದು.

ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ಸು ಹತ್ತಿದೆವು. ರಸ್ತೆಯ ನಟ್ಟನಡುವೆ ತನಗೇ ಮೀಸಲಾದ ದಾರಿಯಲ್ಲಿ, ತಂಪು ಗಾಳಿ ಬೀಸುತ್ತ, 22 ಕಿಲೋಮೀಟರನ್ನು ಅದು ಸಲೀಸಾಗಿ ದಾಟುತ್ತದೆ. ದುಡಿಯುವ ಹೆಣ್ಣುಮಕ್ಕಳಿಗೆ, ಕಾಲೇಜಿನ ಹುಡುಗರಿಗೆ ಈ ಬಸ್ಸಿನಿಂದ ಆದ ಅನುಕೂಲ ದೊಡ್ಡದು. ಆದರೆ ರಸ್ತೆ ಅಗಲವಾಗುವಾಗ ಉರುಳಿದ ಹಳೆಯ ಗಿಡಗಳ ನೆರಳು ನನ್ನ ಮನಸ್ಸಿನಿಂದ ಹೋಗಿಲ್ಲ. 1962ರಲ್ಲಿ ಎರಡೂ ಊರು ಒಂದೇ ಮಹಾನಗರ ಪಾಲಿಕೆಯಾದವು, 2025ರ ಮೊದಲಿಗೆ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ರಾಜ್ಯ ಸಂಪುಟ ಒಪ್ಪಿತು. ಕಾಗದದ ಮೇಲೆ ಕೂಡುವುದು, ಬೇರೆಯಾಗುವುದು ನಡೆದೇ ಇರುತ್ತದೆ. ಕಿಟಕಿಯಿಂದ ನೋಡುವವರಿಗೆ ಊರು ಬದಲಾಗುವುದು ತಿಳಿಯುವುದು ಮುಗಿಲಿನಿಂದ. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ, ಹುಬ್ಬಳ್ಳಿ ಬಯಲಿಗೆ ಮುಖ ಮಾಡಿದೆ. ನಾವು ಹತ್ತುವಾಗ ಜಿಟಿಜಿಟಿ ಹತ್ತಿದ್ದ ಮಳೆ ಪೇರಲಹಣ್ಣಿಗೆ ಹೆಸರಾದ ನವಲೂರು ದಾಟುವಷ್ಟರಲ್ಲಿ ತೆಳುವಾಗಿ, ನವನಗರಕ್ಕೆ ಬಂದಾಗ ರಸ್ತೆ ಒಣಗಿತ್ತು. ಕೆಮ್ಮಣ್ಣು ಹೋಗಿ ಎರೆಮಣ್ಣು ಬಂದಿತ್ತು.

ಉಣಕಲ್ಲ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಸಂಗೀತದವಳ ಮನೆಯ ಖಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ, ಅಗಸಿ ಹಿಂಡಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹೆಚ್ಚಿದ ಸವತೆಕಾಯಿ, ಹಸಿ ಉಳ್ಳಾಗಡ್ಡಿ. ರೊಟ್ಟಿಯ ಮೇಲೆ ಹಿಂಡಿ ಹಾಕಿ ನಡುವೆ ಬೆರಳಿನಿಂದ ಕುಣಿ ಮಾಡಿ ಅದರಲ್ಲಿ ಎಣ್ಣೆ ಬಿಟ್ಟುಕೊಡುವುದು ಅವಳ ತಾಯಿಯ ಪದ್ಧತಿ. ತಾಯಿ ಹೋಗಿ ವರ್ಷಗಳಾದರೂ ನಮಗೆಲ್ಲ ಹಾಗೆಯೇ ಬಡಿಸುತ್ತಾಳೆ.

ಕೆರೆ ದಾಟಿದರೆ ಉಣಕಲ್ಲ ಊರು, ಊರೊಳಗೆ ಚಂದ್ರಮೌಳೇಶ್ವರ ಗುಡಿ. ಹುಬ್ಬಳ್ಳಿಯ ಎಷ್ಟೋ ಜನ ಇದನ್ನು ನೋಡಿಲ್ಲ. ಸಣ್ಣ ಓಣಿಗಳಲ್ಲಿ ಕಟ್ಟೆಯ ಮೇಲೆ ಕೂತ ಹಿರಿಯರನ್ನು ದಾರಿ ಕೇಳುತ್ತ, ಎರಡು ಮನೆಗಳ ಸಂದಿಯಿಂದ ಹಾಯ್ದರೆ ಕಣ್ಣೆದುರು ಕಲ್ಯಾಣ ಚಾಲುಕ್ಯರ ಕಾಲದ, ಒಂಬೈನೂರು ವರ್ಷ ದಾಟಿದ ಕಲ್ಲುಕೆಲಸ. ಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಿನಿಂದ ಒಳಗೆ ಬಂದರೂ ಎದುರಿನ ಬಾಗಿಲಿನ ಬೆಳಕು ನಿಮ್ಮತ್ತ ಬರುತ್ತದೆ. ಬಾಗಿಲವಾಡದ ಪಟ್ಟಿಗಳನ್ನು ನಾವು ಒಂದೊಂದಾಗಿ ನೋಡಿದೆವು. ಬಳ್ಳಿಯ ಪಟ್ಟಿ, ಅದರ ಪಕ್ಕ ಸಣ್ಣ ಕಂಬದ ಪಟ್ಟಿ, ಮತ್ತೆ ಎಲೆಯ ಪಟ್ಟಿ. ಬಳ್ಳಿಯ ಸುರುಳಿಯೊಂದರ ಮೇಲೆ ಬೆರಳಾಡಿಸಲು ಹೋದವಳನ್ನು ಇನ್ನೊಬ್ಬಳು ಕೈ ಹಿಡಿದು ತಡೆದಳು. ಮುಟ್ಟಬಾರದು, ಸಾವಿರ ಕೈಯ ಬೆವರಿಗೆ ಕಲ್ಲೂ ಸವೆಯುತ್ತದೆ.

ಬಾದಾಮಿಯ ಚಾಲುಕ್ಯರು ಕೆತ್ತಿದ್ದು ಕೆಂಪು ಮರಳುಗಲ್ಲಿನಲ್ಲಿ. ಕಲ್ಯಾಣದವರ ಕಾಲಕ್ಕೆ ನಮ್ಮ ಭಾಗದ ಶಿಲ್ಪಿಗಳು ಬಳಪದ ಕಲ್ಲಿಗೆ ಕೈ ಹಾಕಿದರು. ಸುಮಾರು 1050ರ ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಆ ಬಗೆಯ ಮೊದಲನೆಯದೆಂದು ಹೇಳುತ್ತಾರೆ. ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು ಗಾಳಿಗೆ ಬಿಟ್ಟರೆ ಗಟ್ಟಿಯಾಗುವ ಕಲ್ಲು ಅದು. ಅದಕ್ಕೇ ಅಷ್ಟು ನಯದ ಕುಸುರಿ, ತಿರುಗಣೆಯಲ್ಲಿ ಕಡೆದು ನುಣುಪು ತಂದ ಕಂಬ. ಮುಂದೆ ಬೇಲೂರು, ಹಳೇಬೀಡುಗಳಲ್ಲಿ ಜಗತ್ತು ಬಂದು ನೋಡುವ ಕೆಲಸದ ಪಾಠ ಆದದ್ದು ಈ ಕಡೆಯ ಊರುಗಳಲ್ಲಿ.

"ನಾ ಅಲ್ಲಿ ಕೂತಿದ್ದ ಆ ಇಗರ್ಜಿನೂ ಇದs ಕಾಲದ್ದು" ಎಂದಳು ಫ್ರಾನ್ಸಿನವಳು. ಸೇಂಟ್ ಸರ್ನಿನ್ನಿನ ಪ್ರತಿಷ್ಠೆಯಾದದ್ದು 1096ರಲ್ಲಿ. ಕಲ್ಯಾಣದಲ್ಲಿ ಆಗ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟದ ಎರಡು ಊರುಗಳಲ್ಲಿ ಒಂದೇ ಕಾಲಕ್ಕೆ ಜನ ಕಂಬ ನಿಲ್ಲಿಸಿ, ಅದರ ತಲೆಗೆ ಎಲೆ ಬಳ್ಳಿ ಕೆತ್ತುತ್ತ ಕೂತಿದ್ದರು. ಇಗರ್ಜಿಯ ಸುತ್ತ ಜಾಗ ಬಿಟ್ಟು ಅದು ದೂರದಿಂದ ಕಾಣುವಂತೆ ಮಾಡಿದ್ದಾರೆ ಎಂದು ಅವಳು ಹೇಳಿದಳು. ಇಲ್ಲಿ ಗುಡಿಯ ಮೈಗೆ ಹತ್ತಿಯೇ ಮನೆಗಳಿವೆ. ನನಗೆ ಮನೆಯವರ ಮೇಲೆ ಸಿಟ್ಟು ಬರುವುದಿಲ್ಲ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕೆಂಬುದು ಕಾನೂನು. ತಲೆಮಾರುಗಳಿಂದ ಇದ್ದವರು ಮಾಳಿಗೆ ಸೋರಿದರೂ ಕಾಗದ ಹಿಡಿದು ಅಲೆಯಬೇಕು. ಗುಡಿಗೂ ಉಸಿರಾಡಲು ಜಾಗ ಬೇಕು, ಮನೆಯವರಿಗೂ ನೆಮ್ಮದಿಯ ಸೂರು ಬೇಕು. ನ್ಯಾಯವಾದ ಬದಲಿ ಜಾಗ, ಕೈಗೆ ಹಣ, ಕೊಟ್ಟ ಮಾತಿಗೆ ಬೆಲೆ: ಇಷ್ಟಿದ್ದರೆ ಎರಡೂ ಆಗುತ್ತದೆ. ಗುಡಿಯ ಹಿಂದಿನ ಮನೆಯ ತಾಯಿಯೊಬ್ಬಳು ನಮಗೆ ನೀರು ಕೊಟ್ಟು, "ಇಲ್ಲೆ ಯಾರೂ ಬರಂಗಿಲ್ಲವಾ, ನೀವು ಬಂದಿದ್ದು ಚಲೋ ಆತು" ಎಂದಳು.

ಆಟೋ ಹಿಡಿದು ಬೆಂಗೇರಿಗೆ ಹೋದೆವು. ಹೊರಗಿನವರಿಗೆ ಹುಬ್ಬಳ್ಳಿ ಎಂದರೆ 1507 ಮೀಟರಿನ, ಜಗತ್ತಿನಲ್ಲೇ ಉದ್ದದ ರೈಲು ಪ್ಲಾಟ್‌ಫಾರ್ಮು. ನನಗೆ ಕೇಳಿದರೆ ಮೊದಲು ಬೆಂಗೇರಿಯ ಹೆಸರು ಹೇಳುತ್ತೇನೆ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇಲ್ಲಿದೆ. ಭಾರತೀಯ ಮಾನಕ ಬ್ಯೂರೋದ ಒಪ್ಪಿಗೆ ಪಡೆದ ಖಾದಿ ರಾಷ್ಟ್ರಧ್ವಜ ಇಲ್ಲಿ ತಯಾರಾಗುತ್ತದೆ. ದೇಶದ ಮಾನಕಗಳ ಪಟ್ಟಿಯಲ್ಲಿ ಮೊದಲನೆಯ ನಂಬರು ಬಾವುಟದ್ದೇ. ಒಪ್ಪಿಗೆ ಕೇಳಿ ಒಳಗೆ ಹೋದರೆ ಹೊಲಿಗೆ ಯಂತ್ರಗಳ ಸಾಲು, ಕೂತವರು ಬಹುಪಾಲು ಹೆಣ್ಣುಮಕ್ಕಳು. ಬಿಳಿಯ ಪಟ್ಟಿಯ ಎರಡೂ ಬದಿಗೆ ಅಚ್ಚೊತ್ತಿದ ನೀಲಿ ಚಕ್ರದ 24 ಗೆರೆಗಳು ಒಂದರ ಮೇಲೊಂದು ಕೂಡಬೇಕು. ಒಬ್ಬಾಕೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಕೂಡಿದ್ದನ್ನು ಬದಿಗಿಟ್ಟು, ಮುಂದಿನದನ್ನು ಎತ್ತಿಕೊಂಡಳು. ಉದ್ದ 3 ಪಾಲಾದರೆ ಅಗಲ 2 ಪಾಲು. ಮೇಜಿನ ಮೇಲಿಡುವ ಆರು ಇಂಚಿನಿಂದ ಹಿಡಿದು 21 ಅಡಿಯ ತನಕ ಅಳತೆಗಳು. ಧಾರವಾಡದ ಗರಗದ ಮಗ್ಗಗಳೂ ಬಾವುಟದ ಬಟ್ಟೆಗೇ ಹೆಸರಾದವು.

2021ರ ಕೊನೆಗೆ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ, ಪಾಲಿಯೆಸ್ಟರಿನ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಬಾವುಟ ಎಲ್ಲರ ಕೈಗೆ ಅಗ್ಗವಾಗಿ ಸಿಗಲಿ ಎಂಬ ಮಾತನ್ನು ನಾನು ಬಲ್ಲೆ. ಆದರೆ ನೂಲುವವಳ, ನೇಯುವವನ, ಹೊಲಿಯುವವಳ ಕೂಲಿ ಆ ಬಟ್ಟೆಯಲ್ಲಿ ಇರಬೇಕೆಂಬುದೇ ಖಾದಿಯ ಅರ್ಥವಾಗಿತ್ತು. ಸರಕಾರಿ ಕಚೇರಿಗಳಾದರೂ ಬೆಂಗೇರಿಯ ಬಾವುಟವನ್ನೇ ಕೊಳ್ಳಬೇಕು. ನಾವು ನಾಲ್ವರೂ ಒಂದೊಂದು ಕೊಂಡೆವು. ಒಂದು ತುಲೂಸ್‌ಗೆ ಹೋಗುತ್ತದೆ.

ಕತ್ತಲಾಗುವ ಹೊತ್ತಿಗೆ ದುರ್ಗದಬೈಲು. ಬಂಡಿಯವನು ಚುರುಮರಿಗೆ ಬೇಯಿಸಿದ ಉಳ್ಳಾಗಡ್ಡಿ-ಟೊಮೆಟೊ ಮಸಾಲೆ, ಪುಟಾಣಿ ಹಿಟ್ಟು ಹಾಕಿ ಎರಡೇ ಸಲ ಕೈಯಾಡಿಸಿ ಗಿರ್ಮಿಟ್ ಕೊಟ್ಟ, ಪಕ್ಕಕ್ಕೆ ಬಿಸಿ ಮಿರ್ಚಿ ಇಟ್ಟ. ಗಿರ್ಮಿಟ್ಟನ್ನು ಕೂಡಲೆ ತಿನ್ನಬೇಕು, ಚುರುಮರಿ ಮೆತ್ತಗಾಗಲು ಬಿಡಬಾರದು. ಅದಕ್ಕೇ ಮಾತು ನಿಂತಿತು. ತಿಂದಾದ ಮೇಲೆ ಸಂಗೀತದವಳು, ಇಷ್ಟು ಮಾಡಿ ಕುಂದಗೋಳದ ವಾಡೆ ಬಿಟ್ಟರೆ ಹೆಂಗ ಎಂದಳು. ಕಾರು ಮಾಡಿಕೊಂಡು ಹೋಗಬಹುದೆಂದು ನಾನು ಅಂದೆ.

"ಕಾರು ಯಾಕ ಬೇಕು? ಗಂಗೂಬಾಯಿ ಹೋದಂಗ ಹೋಗೂಣು" ಎಂದು ರೇಲ್ವೆಯವಳು ಮೊಬೈಲು ತೆಗೆದು, ಮುಂಜಾನೆ ಕುಂದಗೋಳದಲ್ಲಿ ನಿಲ್ಲುವ ಗಾಡಿ ಯಾವುದು, ಸಂಜೆ ಮರಳುವುದು ಯಾವುದು ಎಂದು ನೋಡತೊಡಗಿದಳು. ಬುತ್ತಿ ಈ ಸಲ ಫ್ರಾನ್ಸಿನವಳ ಪಾಳಿಯೆಂದು ಠರಾಯಿಸಿದೆವು. ಹೋಳಿಗೆ ಮಾಡಲೋ ಮಾದ್ಲಿ ಮಾಡಲೋ ಎಂದು ಅವಳು ಅಲ್ಲಿಂದಲೇ ಕೇಳಲು ಸುರುಮಾಡಿದ್ದಳು.